ನಾನು ಕೊಟ್ಟ ಹನ್ನೊಂದು ಹೆಸರು

ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ನಾನು ಮನೆಯಲ್ಲಿ ಸುಳ್ಳು ಹೇಳಿಕೊಂಡೇ ಬಂದೆ. ಜ್ವರದ ಲೆಕ್ಕ ಬರೆಯುವ ಕೆಲಸ ಎಂದು ಅವ್ವನಿಗೆ ಹೇಳಿದ್ದೆ. ರಾಯಚೂರಿನಲ್ಲಿ ನಮ್ಮದು ಮಡಿ ಮೈಲಿಗೆಯ ಮನೆ, ಅಪ್ಪ ಮಠದಲ್ಲಿ ಪೂಜೆಗೆ ನಿಲ್ಲುವವರು. ಮಗ ದವಾಖಾನೆಯಲ್ಲಿರುತ್ತಾನೆ ಎಂಬಷ್ಟಕ್ಕೇ ಅವ್ವ ಹಿತ್ತಿಲಲ್ಲಿ ಎರಡು ಕೊಡ ನೀರು ತುಂಬಿಡುತ್ತಿದ್ದಳು. ತಲೆಯ ಮೇಲೆ ಸುರಿದುಕೊಳ್ಳದೆ ಒಳಗೆ ಕಾಲಿಡುವಂತಿರಲಿಲ್ಲ. ನಾನು ಬರೆಯುತ್ತಿದ್ದದ್ದು ಗರ್ಮಿ ಮತ್ತು ಮೇಹದಂಥ ಗುಪ್ತರೋಗಗಳ ಲೆಕ್ಕ ಎಂದು ತಿಳಿದಿದ್ದರೆ ಅವಳು ಬಾವಿಯನ್ನೇ ಬರಿದು ಮಾಡುತ್ತಿದ್ದಳು.

ಈಗ ಈ ಕೆಲಸಕ್ಕೆ ಬರುವವರಿಗೆ ತರಬೇತಿ ಇದೆ, ಪುಸ್ತಕಗಳಿವೆ, ರೋಗಿಯ ಹತ್ತಿರ ಹೇಗೆ ಮಾತಾಡಬೇಕು ಎಂದು ಹೇಳಿಕೊಡುವವರಿದ್ದಾರೆ. ನಮಗೆ ಇದ್ದದ್ದು ಒಂದು ಮೇಜು, ಒಂದು ರಜಿಸ್ಟರು, ಒಂದು ಮಸಿಕುಡಿಕೆ. ನನಗೆ ಸಿಕ್ಕ ಬಡ್ತಿಗಳ ವಿಷಯ ಇಲ್ಲಿ ಬರೆಯುವುದಿಲ್ಲ. ಒಂದು ಬಡ್ತಿಯದು ಮಾತ್ರ ಬರೆಯಲೇಬೇಕು. ಅದು ಬಂದ ರೀತಿ ನೆನೆದರೆ ಈ ವಯಸ್ಸಿನಲ್ಲೂ ನನಗೆ ನಾಚಿಕೆಯಾಗುತ್ತದೆ, ಮತ್ತು ಆ ನಾಚಿಕೆ ಹೊಸಬರಿಗೆ ನನ್ನ ಬಡ್ತಿಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಹೊರಗೆ ಮಹಾಯುದ್ಧ ನಡೆದಿತ್ತು. ಸರಕಾರದ ಬರವಣಿಗೆಯೆಲ್ಲ ಉರ್ದುವಿನಲ್ಲಿ. ನಾನು ಶಾಲೆಯಲ್ಲಿ ಉರ್ದು ಚೆನ್ನಾಗಿ ಕಲಿತಿದ್ದೆ, ಅಕ್ಷರ ದುಂಡಗಿತ್ತು. ಅದರಿಂದಲೇ ಕೆಲಸ ಸಿಕ್ಕಿತು. ನಮ್ಮ ದವಾಖಾನೆಗೆ ಹೈದರಾಬಾದಿನಿಂದ ಒಬ್ಬ ಹೊಸ ಡಾಕ್ಟರು ಬಂದಿದ್ದರು. ಎಲ್ಲರೂ ಅವರನ್ನು ಡಾಕ್ಟರ್ ಸಾಹೇಬರು ಎನ್ನುತ್ತಿದ್ದೆವು. ಗುಪ್ತರೋಗಗಳು ಎಲ್ಲಿ ಏರುತ್ತಿವೆ, ಎಲ್ಲಿ ಇಳಿಯುತ್ತಿವೆ ಎಂದು ತಿಂಗಳು ತಿಂಗಳು ಲೆಕ್ಕ ಹಿಡಿಯಬೇಕೆನ್ನುವುದು ಅವರ ಹಟ. ರಾಯಚೂರಿನಲ್ಲಿ ದಿನಾ, ದೇವದುರ್ಗದಲ್ಲಿ ಸಂತೆಯ ದಿನ, ಮಾನ್ವಿಯಲ್ಲಿ ವಾರಕ್ಕೊಂದು ದಿನ ರೋಗಿಗಳನ್ನು ನೋಡುತ್ತಿದ್ದರು. ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಬಸ್ಸಿನಲ್ಲಿ ಮದ್ದಿನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ನಾನು ಮತ್ತು ಸಾಹೇಬರು ಹೋಗುತ್ತಿದ್ದೆವು. ಏರು ಬಂದಲ್ಲಿ ಎಲ್ಲರೂ ಇಳಿದು ಬಸ್ಸು ನೂಕಬೇಕಾಗುತ್ತಿತ್ತು. ಸಾಹೇಬರೂ ಕೋಟು ಬಿಚ್ಚಿ ನೂಕುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ.

ಮಾನ್ವಿಯಲ್ಲಿ ಮೊದಲ ದಿನವೇ ನಾನು ಎಡವಟ್ಟು ಮಾಡಿದೆ. ಅದಕ್ಕೆ ಮೊದಲು ಆರು ತಿಂಗಳು ಸಿಡುಬಿನ ಮೈಲಿ ಹಾಕುವವರ ಜೊತೆ ಹೆಸರು ಕೂಗುವ ಕೆಲಸ ಮಾಡಿದ್ದೆ. ಅದೇ ರೂಢಿಯಲ್ಲಿ ಪಡಸಾಲೆಗೆ ಬಂದು, ಕೂತವರೆಲ್ಲರ ಮುಂದೆ ಒಬ್ಬ ಶಾಲೆ ಮಾಸ್ತರರ ಹೆಸರನ್ನೂ ಅವರ ರೋಗವನ್ನೂ ಗಟ್ಟಿಯಾಗಿ ಓದಿದೆ. ಪಡಸಾಲೆಯಲ್ಲಿ ಅವರ ಇಬ್ಬರು ಶಿಷ್ಯರ ತಂದೆಯರು ಕೂತಿದ್ದರು. ಮಾಸ್ತರರು ಎದ್ದರು, ಛತ್ರಿ ತೆಗೆದುಕೊಂಡರು, ಹೊರಟೇಹೋದರು. ಬೇಸಿಗೆ ಕಳೆಯುವಷ್ಟರಲ್ಲಿ ಊರು ಬಿಟ್ಟರಂತೆ. ಮದ್ದು ಎಲ್ಲಿ ಹಾಕಿಸಿಕೊಂಡರೋ, ಹಾಕಿಸಿಕೊಂಡರೋ ಇಲ್ಲವೋ. ಅಂದಿನಿಂದ ನಾನು ದನಿ ತಗ್ಗಿಸುವುದನ್ನು ಕಲಿತೆ. ತಗ್ಗಿದ್ದು ದನಿ ಮಾತ್ರ ಎಂಬುದು ಆಮೇಲೆ ಗೊತ್ತಾಯಿತು.

ದನಿ ತಗ್ಗಿಸುವುದನ್ನು ಸರಿಯಾಗಿ ಕಲಿಸಿದವರು ಖಾದರ್ ಸಾಹೇಬರು. ರಾಯಚೂರಿನ ಹಿರಿಯ ಕಂಪೌಂಡರು ಅವರು, ಬಿಳಿ ಗಡ್ಡದ ನಿಧಾನದ ಮನುಷ್ಯ, ಮೂರು ಡಾಕ್ಟರುಗಳ ಕೈಕೆಳಗೆ ದುಡಿದವರು. ಊರಿನ ದೊಡ್ಡವರು ದವಾಖಾನೆಗೆ ಮುಂದಿನ ಬಾಗಿಲಿನಿಂದ ಬರುತ್ತಿರಲಿಲ್ಲ. ಹಿಂದೆ ಬೇವಿನ ಗಿಡದ ಕಡೆ ಒಂದು ಸಣ್ಣ ಬಾಗಿಲಿತ್ತು. ಅಲ್ಲಿಂದ ವಕೀಲರು, ಜಮೀನುದಾರರು, ಅಡತಿ ವ್ಯಾಪಾರದವರು ಬರುತ್ತಿದ್ದರು. ನಮ್ಮ ಓಣಿಯವರೇ ಇಬ್ಬರು, ಅಪ್ಪನ ಪಂಕ್ತಿಯಲ್ಲಿ ಊಟಕ್ಕೆ ಕೂಡುವವರು, ಆ ಬಾಗಿಲಿನಿಂದ ಬಂದು ನನ್ನನ್ನು ಕಂಡು ಗೋಡೆ ನೋಡುತ್ತ ನಿಂತರು. ಹೆಸರು ಬರೆಯಲು ರಜಿಸ್ಟರು ತೆರೆದೆ. ಖಾದರ್ ಸಾಹೇಬರು ನನ್ನ ಕೈ ಹಿಡಿದರು.

"ಇಂಥವರಿಗೆ ಉಷ್ಣ ಅಂತ ಬರೀಬೇಕಪಾ. ಮರ್ಯಾದಸ್ತರು. ಅವರ ಮಾನ ಹೋಗಬಾರದು, ನಮ್ಮ ನೌಕರೀನೂ ಹೋಗಬಾರದು."

ಉಷ್ಣ ಎಂದು ಬರೆದೆ. ಆ ದಿನದಿಂದ ಹಿಂದಿನ ಬಾಗಿಲಿನವರೆಲ್ಲ ಉಷ್ಣದವರಾದರು. ಮದ್ದು ಅದೇ, ಸೂಜಿ ಅದೇ, ಹುಣ್ಣೂ ಅದೇ, ಆದರೆ ಅವರು ಬೇರೆ ಪುಸ್ತಕಕ್ಕೆ ಹೋಗುತ್ತಿದ್ದರು. ಆ ಪುಸ್ತಕವನ್ನು ಯಾರೂ ತಿಂಗಳ ಲೆಕ್ಕಕ್ಕೆ ಕೂಡಿಸುತ್ತಿರಲಿಲ್ಲ. ನಾನು ಅದನ್ನು ದೊಡ್ಡ ಸೌಜನ್ಯ ಎಂದುಕೊಂಡಿದ್ದೆ. ಗರ್ಮಿ ಎಂಬುದು ಹಮಾಲರಿಗೆ, ಬಂಡಿ ಹೊಡೆಯುವವರಿಗೆ, ಗಿರಣಿ ಕೂಲಿಗಳಿಗೆ ಬರುವ ರೋಗ ಎಂದು ನನ್ನ ಲೆಕ್ಕವೇ ಹೇಳುತ್ತಿತ್ತು. ಒಂದು ವರ್ಷದಲ್ಲಿ ಆ ಲೆಕ್ಕವನ್ನು ನಾನೂ ನಂಬಿಬಿಟ್ಟೆ. ಬರೆದವನು ನಾನೇ ಎಂಬುದು ಮರೆತುಹೋಗಿತ್ತು.

ಡಾಕ್ಟರ್ ಸಾಹೇಬರು ರಜಿಸ್ಟರಿಗೆ ಹೊಸದೊಂದು ಕಾಲಂ ಸೇರಿಸಿದರು. ಹೆಸರು, ತಂದೆಯ ಹೆಸರು, ಊರು, ಕಸುಬು, ರೋಗ ಇವುಗಳ ಮುಂದೆ ಇನ್ನೊಂದು: ಎಲ್ಲಿಂದ ಬಂತು. ಅವರ ಮಾತು ಸರಳವಾಗಿತ್ತು. ಕಾಲರಾ ಬಂದರೆ ನಾವು ಬಾವಿ ಹುಡುಕುತ್ತೇವೆ, ಬಾವಿಗೆ ಮದ್ದು ಹಾಕುತ್ತೇವೆ, ರೋಗ ನಿಲ್ಲುತ್ತದೆ. ಇದಕ್ಕೂ ಎಲ್ಲೋ ಒಂದು ಬಾವಿ ಇದ್ದೇ ಇರಬೇಕು. ಅದನ್ನು ಹುಡುಕುವ ಕೆಲಸ ನನಗೆ ಬಂತು.

ಆ ಕಾಲದ ಮದ್ದಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ವಾರಕ್ಕೊಮ್ಮೆ ಸೂಜಿ. ಒಂದು ನರಕ್ಕೆ, ಅದನ್ನು ಸಾಹೇಬರೇ ಹಾಕುತ್ತಿದ್ದರು. ಇನ್ನೊಂದು ಕುಂಡೆಗೆ, ಅದು ನನ್ನ ಪಾಲು. ಎರಡು ದಿನ ಕೂಡಲಾಗದಷ್ಟು ನೋವು, ವಸಡು ಕಪ್ಪಗಾಗುತ್ತಿತ್ತು, ಕೆಲವರಿಗೆ ವಾಂತಿ. ಹೀಗೆ ತಿಂಗಳುಗಟ್ಟಲೆ ಬಿಡದೆ ಹಾಕಿಸಿಕೊಳ್ಳಬೇಕು. ಹುಣ್ಣು ಮಾಯುತ್ತಲೇ ಗಂಡಸರು ನಾಪತ್ತೆಯಾಗುತ್ತಿದ್ದರು. ನಲವತ್ತರ ದಶಕದ ಕೊನೆಗೆ ಪೆನಿಸಿಲಿನ್ ಬಂದಾಗ ಕೆಲವೇ ದಿನದಲ್ಲಿ ಕೆಲಸ ಮುಗಿಯುವುದನ್ನು ನೋಡಿ ಖಾದರ್ ಸಾಹೇಬರು ಖಾಲಿ ಸೀಸೆಯನ್ನು ಕಣ್ಣಿಗೊತ್ತಿಕೊಂಡರು. ನಾನು ಹೇಳುತ್ತಿರುವುದು ಅದಕ್ಕೆ ಮೊದಲಿನ ಮಾತು.

ದೇವದುರ್ಗದಲ್ಲಿ ಊರ ಅಗಸಿಬಾಗಿಲಿನ ಹೊರಗೆ ಒಂದು ಓಣಿಯಿತ್ತು. ಗಂಡನೆಂದು ಒಬ್ಬನ ಹೆಸರು ಹೇಳದ ಹೆಂಗಸರು ಅಲ್ಲಿದ್ದರು. ಅವರ ಹಿರಿಯಳು ಹುಲಿಗೆವ್ವ. ಐವತ್ತರ ಆಸುಪಾಸು, ದಪ್ಪ ಇಳಕಲ್ ಸೀರೆ, ಮಾತು ನೇರ. ಒಂದು ಸಂತೆಯ ದಿನ ಅವಳು ಮುಂದಿನ ಬಾಗಿಲಿನಿಂದಲೇ ಬಂದಳು, ಜೊತೆಗೆ ಮಗಳು ದುರ್ಗವ್ವ. ಹುಡುಗಿಗೆ ಇಪ್ಪತ್ತೋ ಇಪ್ಪತ್ತೊಂದೋ. ತಲೆ ಎತ್ತದೆ ಕೂತಳು. ಹುಲಿಗೆವ್ವ ಸಾಹೇಬರಿಗೆ ಹೇಳಿದ್ದನ್ನು ನಾನು ಉರ್ದುವಿಗೆ ತಿರುಗಿಸಿ ಹೇಳಬೇಕಾಗಿತ್ತು.

"ಈಕೀಗೆ ಎರಡು ಗಂಡು ಕೂಸು ಹೊಟ್ಟ್ಯಾಗ ಸತ್ತು ಹುಟ್ಟ್ಯಾವ್ರೀ. ಮೈಯೆಲ್ಲ ಸುಲದಂಗ ಆಗಿತ್ತು. ಈಗ ಮತ್ತ ಮೂರು ತಿಂಗಳಾಗ್ಯಾವ. ಇದೊಂದು ಉಳೀಬೇಕ್ರೀ. ಮದ್ದು ಅದ ಅಂತಾರ, ಖರೇ ಏನ್ರೀ?"

ಸಾಹೇಬರು ದುರ್ಗವ್ವನ ರಕ್ತ ತೆಗೆದು ರೈಲಿನಲ್ಲಿ ಹೈದರಾಬಾದಿಗೆ ಕಳಿಸಿದರು. ಎರಡು ವಾರಕ್ಕೆ ಉತ್ತರ ಬಂತು. ಗರ್ಮಿ ರಕ್ತದಲ್ಲಿದೆ. ಆದರೆ ಹೆರಿಗೆಯವರೆಗೆ ಒಂದು ವಾರವೂ ತಪ್ಪದೆ ಸೂಜಿ ಹಾಕಿಸಿಕೊಂಡರೆ ಕೂಸು ಉಳಿಯುತ್ತದೆ, ಚೆನ್ನಾಗಿಯೂ ಇರುತ್ತದೆ ಎಂದರು ಸಾಹೇಬರು. ಈ ಮಾತನ್ನು ಕನ್ನಡದಲ್ಲಿ ಹೇಳಿದವನು ನಾನು. ದುರ್ಗವ್ವ ಅವತ್ತು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದಳು.

ಸಾಹೇಬರು ಇನ್ನೊಂದು ಮಾತು ಸೇರಿಸಿದರು: ಓಣಿಯವರೆಲ್ಲ ಬರಬೇಕು, ಎಲ್ಲರ ಹೆಸರೂ ಬರೆಸಬೇಕು. ಹುಲಿಗೆವ್ವ ಸಾಹೇಬರನ್ನು ಬಿಟ್ಟು ನನ್ನನ್ನು ಕೇಳಿದಳು.

"ಆಚಾರ್ರ, ಬರದ ಹೆಸರು ಎಲ್ಲಿಗೆ ಹೋಗ್ತಾವ?"

"ಎಲ್ಲಿಗೂ ಹೋಗಂಗಿಲ್ಲ. ಈ ಬುಕ್ಕಿನ್ಯಾಗ ಇರ್ತಾವ."

"ಕಚೇರಿಗೆ?"

"ಹೋಗಂಗಿಲ್ಲವಾ."

"ಹಂಗಂದ್ರ ಜನಿವಾರ ಮುಟ್ಟಿ ಹೇಳ್ರಿ."

ಅಂಗಿಯ ಗುಂಡಿ ಬಿಚ್ಚಿ, ಹೆಬ್ಬೆರಳಿಗೆ ಜನಿವಾರ ಸುತ್ತಿಕೊಂಡು, ಈ ಹೆಸರುಗಳು ದವಾಖಾನೆ ದಾಟುವುದಿಲ್ಲ ಎಂದೆ. ಇಪ್ಪತ್ತಮೂರು ವರ್ಷದವನು ನಾನು. ಅಷ್ಟು ವಯಸ್ಸಿನ ಹೆಂಗಸು ನನ್ನ ಜನಿವಾರವನ್ನು ನಂಬಿದಳಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಮುಂದಿನ ಸಂತೆಗೆ ಹನ್ನೊಂದು ಜನ ಬಂದರು.

ನನ್ನ ಇಡೀ ನೌಕರಿಯಲ್ಲಿ ಅಷ್ಟು ನೇಮದ ರೋಗಿಗಳನ್ನು ನಾನು ಕಾಣಲಿಲ್ಲ. ನಮ್ಮ ಬಸ್ಸು ಬರುವ ಮೊದಲೇ ಗೋಡೆಯ ನೆರಳಿಗೆ ಕೂತಿರುತ್ತಿದ್ದರು. ಸೂಜಿಯ ನೋವಿಗೆ ಒಬ್ಬರ ಕೈ ಒಬ್ಬರು ಹಿಡಿಯುತ್ತಿದ್ದರು. ಒಬ್ಬಳಿಗೆ ವಾಂತಿಯಾದರೆ ಇನ್ನೊಬ್ಬಳು ನೀರು ತರುತ್ತಿದ್ದಳು. ಯಾರಾದರೂ ಒಲ್ಲೆ ಎಂದರೆ ಹುಲಿಗೆವ್ವ ಗದರುತ್ತಿದ್ದಳು: "ಗಂಡಸರಂಗ ಹುಣ್ಣು ಮಾದಕೂಡ್ಲೇ ಓಡಿಹೋಗ್ತೀಯೇನ್ ಬೇ? ಕೂಡು ಸುಮ್ನ." ನಗು ಏಳುತ್ತಿತ್ತು. ನಾನೂ ನಗುತ್ತಿದ್ದೆ, ಆದರೆ ಅವರು ಕೊಟ್ಟ ಎಲೆ ಅಡಿಕೆ ಮುಟ್ಟುತ್ತಿರಲಿಲ್ಲ. ಬಸ್ಸು ಹತ್ತುವ ಮೊದಲು ಕೈಯನ್ನು ಮೂರು ಸಲ ತೊಳೆಯುತ್ತಿದ್ದೆ. ಅವರು ಅದನ್ನು ನೋಡುತ್ತಿದ್ದರು.

ಒಮ್ಮೆ ನಾನು ಆ ಹೊಸ ಕಾಲಂ ತುಂಬಲು ಹುಲಿಗೆವ್ವನನ್ನು ಎಲ್ಲಿಂದ ಬಂತು ಎಂದು ಕೇಳಿದೆ. ಅವಳು ಬೆರಳು ಮಡಿಚುತ್ತ ಹೇಳುತ್ತ ಹೋದಳು. ಇಂಥ ವಾಡೆಯ ಯಜಮಾನರು, ಇಂಥ ವಕೀಲರ ತಮ್ಮ, ರಾಯಚೂರಿನಿಂದ ಬರುವ ಇಂಥ ಅಡತಿ ಸಾಹುಕಾರ. ಒಂದೊಂದು ಹೆಸರಿನ ಜೊತೆಗೆ ಯಾವ ಸುಗ್ಗಿಯಲ್ಲಿ ಬಂದದ್ದು, ಯಾರಿಗೆ ಬಂದದ್ದು ಎಂದೂ ಹೇಳಿದಳು. ನನ್ನ ರಜಿಸ್ಟರಿನಲ್ಲಿ ಇಲ್ಲದ್ದೆಲ್ಲ ಅವಳ ತಲೆಯಲ್ಲಿತ್ತು. ಅವಳು ಹೇಳಿದವರಲ್ಲಿ ನಾಲ್ಕು ಜನ ಬೇವಿನ ಗಿಡದ ಬಾಗಿಲಿನವರು. ನಾನು ಪೆನ್ನು ಎತ್ತಲಿಲ್ಲ.

"ಯಾಕ್ರೀ, ಬರಕೊಳ್ಳಲಿಲ್ಲ?" ಎಂದಳು.

"ದೊಡ್ಡ ಮಂದಿ ಹೆಸರು ಸುಮ್ಮಸುಮ್ನ ಬರಿಯಾಕ ಬರಂಗಿಲ್ಲವಾ."

"ನಾವೇನು ಹುಟ್ಟುತ್ಲೇ ಇದನ್ನ ತಂದೀವೇನ್ರೀ? ತಂದು ಕೊಟ್ಟವರು ಅದಾರ. ಅವರೂ ಬರೀರಿ, ಅವರಿಗೂ ಸೂಜಿ ಹಾಕ್ರಿ. ಇಲ್ಲಂದ್ರ ನಮಗ ಹಾಕಿ ಏನ್ ಬಂತು?"

ಗುಪ್ತರೋಗ ತಡೆಯುವುದು ಹೇಗೆ ಎಂದು ಆಮೇಲೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಇದಕ್ಕಿಂತ ಹೆಚ್ಚಿನದೇನನ್ನೂ ಯಾರೂ ಹೇಳಲಿಲ್ಲ. ಆ ಕಾಲಂನಲ್ಲಿ ನಾನು "ಗೊತ್ತಿಲ್ಲ" ಎಂದು ಬರೆದು ಪುಟ ತಿರುಗಿಸಿದೆ.

ಅದೇ ಕಾಲಂ ಗಂಡಸರ ಪುಟಗಳಲ್ಲಿ ಬೇಗ ಬೇಗ ತುಂಬುತ್ತಿತ್ತು. ಎಲ್ಲಿಂದ ಬಂತು ಎಂದರೆ ರೋಗಿಗಳು ತಡವರಿಸುತ್ತಿದ್ದರು. ಯಾರೋ ಒಬ್ಬ ದೇವದುರ್ಗದ ಓಣಿ ಎಂದ. ನಾನು ಹೌದೆಂದು ಬರೆದು ಒಳಗೆ ಕಳಿಸಿದೆ. ಆ ಉತ್ತರ ಕೊಟ್ಟರೆ ಮುಂದೆ ಪ್ರಶ್ನೆಯಿಲ್ಲ, ಸೂಜಿ ಬೇಗ ಸಿಗುತ್ತದೆ ಎಂಬುದು ಪಡಸಾಲೆಯಲ್ಲಿ ಹರಡಿತು. ರಾಯಚೂರಿನ ಸ್ಟೇಶನ್ ಹಮಾಲರು, ಹತ್ತಿ ಗಿರಣಿಯವರು, ಎಲ್ಲರೂ ದೇವದುರ್ಗದ ಓಣಿ ಎನ್ನತೊಡಗಿದರು. ಮಾನ್ವಿಯ ಒಬ್ಬ ಬಂಡಿಯವನೂ ಹಾಗೇ ಹೇಳಿದ.

"ದೇವದುರ್ಗಕ್ಕ ಯಾತರಾಗ ಹೋಗಿದ್ಯೋ?" ಎಂದು ಸುಮ್ಮನೆ ಕೇಳಿದೆ.

"ರೈಲಿನ್ಯಾಗ್ರೀ" ಎಂದ.

ದೇವದುರ್ಗಕ್ಕೆ ರೈಲೇ ಇಲ್ಲ. ಪಡಸಾಲೆಯಲ್ಲಿ ನಾಲ್ಕು ಜನ ನಕ್ಕರು, ನಾನೂ ನಕ್ಕೆ. ನಕ್ಕು, ದೇವದುರ್ಗದ ಓಣಿ ಎಂದೇ ಬರೆದೆ. ಹೊಸದಾಗಿ ಕೆಲಸಕ್ಕೆ ಬರುವವರು ನನ್ನ ಬರಹದಲ್ಲಿ ಬೇರೇನು ಮರೆತರೂ ಈ ಬಂಡಿಯವನನ್ನು ಮರೆಯಬಾರದು. ಪ್ರಶ್ನೆ ಕೇಳುವವನಿಗೆ ಯಾವ ಉತ್ತರ ಬೇಕಾಗಿದೆ ಎಂಬುದು ರೋಗಿಗೆ ಒಂದು ಗಳಿಗೆಯಲ್ಲಿ ತಿಳಿಯುತ್ತದೆ.

ನಿಜಾಮರ ಸರಕಾರಿ ಲೆಕ್ಕದ ಬಹಮನ್ ತಿಂಗಳಲ್ಲಿ, ಅಂದರೆ ಚಳಿಗಾಲದಲ್ಲಿ, ಸಾಹೇಬರು ನನ್ನಿಂದ ಒಂದು ನಕಾಶೆ ಬರೆಸಿದರು. ಮೂರು ಊರು ಕಪ್ಪು ಮಸಿಯಲ್ಲಿ, ರೋಗಿಗಳು ಕೆಂಪು ಚುಕ್ಕೆಯಲ್ಲಿ, ಎಲ್ಲಿಂದ ಬಂತೋ ಅಲ್ಲಿಗೆ ಕೆಂಪು ಗೆರೆ. ಮೂರು ದಿನ ಕೂತು ಬರೆದೆ. ಗೆರೆಗಳೆಲ್ಲ ಹೋಗಿ ದೇವದುರ್ಗದ ಅಗಸಿಯ ಹೊರಗೆ ಕೂಡಿಕೊಂಡವು. ನೋಡಲು ಅಷ್ಟು ಅಚ್ಚುಕಟ್ಟಾಗಿತ್ತು ಎಂದರೆ ನಾನೇ ಹಿಂದೆ ಸರಿದು ನಿಂತು ನೋಡಿದೆ. ಸಾಹೇಬರು ಬೆನ್ನು ತಟ್ಟಿದರು. ಬಾವಿ ಸಿಕ್ಕಿತು ಎಂದರು.

ಹತ್ತು ದಿನದಲ್ಲಿ ಕಚೇರಿಯಿಂದ ಮೇಲಿನ ಒಬ್ಬ ಅಧಿಕಾರಿ ಬಂದರು. ನಕಾಶೆ ನೋಡಿದರು. ಆ ಓಣಿಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಸಾಹೇಬರು ನನ್ನ ಕಡೆ ತಿರುಗಿ, ಹನ್ನೊಂದು ಹೆಸರನ್ನೂ ಬೇರೆ ಕಾಗದದ ಮೇಲೆ ಬರೆದುಕೊಡು ಎಂದರು. ನಾನು ಜೀ ಹುಜೂರ್ ಎಂದೆ.

ಒಳಗೆ ಕಾಗದ ತರಲು ಹೋದಾಗ ಖಾದರ್ ಸಾಹೇಬರು ಮದ್ದು ಅರೆಯುತ್ತಿದ್ದರು. ಅವರಿಗೆ ನನ್ನ ಜನಿವಾರದ ಮಾತು ಗೊತ್ತಿತ್ತು, ನಾನೇ ಹೇಳಿಕೊಂಡಿದ್ದೆ.

"ಕೊಡಬ್ಯಾಡ ಅಂತ ಹೇಳೋನು ನಾ ಯಾರಪಾ" ಎಂದರು ಅರೆಯುವುದನ್ನು ನಿಲ್ಲಿಸದೆ. "ಆದ್ರ ಬುಕ್ಕು ದೇವದುರ್ಗದಾಗ ಬಿಟ್ಟು ಬಂದೀನಿ ಅಂತ ಹೇಳಬಹುದು. ಒಂದು ವಾರ ಸಿಗ್ತದ. ವಾರದಾಗ ದೊಡ್ಡವರು ಮರೀತಾರ."

ಬುಕ್ಕು ನನ್ನ ಕಂಕುಳಲ್ಲೇ ಇತ್ತು. ಒಂದು ಸಣ್ಣ ಸುಳ್ಳು ಸಾಕಾಗಿತ್ತು. ಮನೆಯಲ್ಲಿ ಅವ್ವನಿಗೆ ದಿನಾ ಹೇಳುತ್ತಿದ್ದವನು, ಹಿಂದಿನ ಬಾಗಿಲಿನವರಿಗಾಗಿ ವಾರಕ್ಕೆ ಹತ್ತು ಸಲ ಬರೆಯುತ್ತಿದ್ದವನು, ಆ ಸುಳ್ಳನ್ನು ಹೇಳಲಿಲ್ಲ. ಹೆದರಿ ಕೊಟ್ಟೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಹೆದರಿಕೆಯಲ್ಲ. ಆ ಅಧಿಕಾರಿ ನನ್ನ ನಕಾಶೆಯ ಅಕ್ಷರ ನೋಡಿ, ಇದನ್ನು ಬರೆದವನು ಯಾರು ಎಂದು ಕೇಳಿದ್ದರು. ಅವರ ಕಣ್ಣ ಮುಂದೆ ಇನ್ನೊಂದು ಕಾಗದ ಚೆನ್ನಾಗಿ ಬರೆಯಬೇಕೆಂದು ನನ್ನ ಕೈ ತುರಿಸುತ್ತಿತ್ತು. ಗೆರೆ ಹಾಕಿ, ಒಂದೂ ಚಿತ್ತಿಲ್ಲದೆ ಬರೆದೆ. ಕೇಳದಿದ್ದರೂ ಮನೆಗಳ ಸಾಲು, ಎಡದಿಂದ ಮೊದಲನೆಯದು, ಎರಡನೆಯದು ಎಂದು ಸೇರಿಸಿದೆ. ಕಚೇರಿಯೂ ಸರಕಾರ, ದವಾಖಾನೆಯೂ ಸರಕಾರ, ಇದು ಹೊರಗೆ ಹೋದಂತಲ್ಲ ಎಂದು ಜನಿವಾರಕ್ಕೆ ಸಮಾಧಾನ ಹೇಳಿದೆ. ಬಾವಿಗೆ ಮದ್ದು ಹಾಕಲಿಕ್ಕೆ ಕೇಳುತ್ತಿದ್ದಾರೆ ಎಂದು ನಿಜವಾಗಿಯೂ ನಂಬಿದ್ದೆನೇ? ಸ್ವಲ್ಪ ನಂಬಿದ್ದೆ.

ಮುಂದಿನ ಸಂತೆಗೆ ನಾವು ಹೋದಾಗ ಗೋಡೆಯ ನೆರಳು ಖಾಲಿಯಿತ್ತು. ನೀರು ಕುದಿಸಿ ಸೂಜಿಗಳನ್ನು ಅಣಿ ಮಾಡಿದೆ. ಹನ್ನೆರಡಾಯಿತು, ಒಂದಾಯಿತು. ಬಂದವರು ಕೆಮ್ಮಿನವರು, ಕಣ್ಣು ಬೇನೆಯವರು. ಸಂತೆಗೆ ಬಂದ ಬಳೆಗಾರನೊಬ್ಬನನ್ನು ಕೇಳಿದೆ. ಓಣಿಯವರೆಲ್ಲ ಮೂರು ದಿನದಲ್ಲಿ ಊರು ಬಿಡಬೇಕೆಂದು ಕಚೇರಿಯವರು ಡಂಗುರ ಹೊಡೆಸಿದರಂತೆ. ಒಬ್ಬೊಬ್ಬರ ಹೆಸರು ಹಿಡಿದು, ಮನೆಯ ಮುಂದೆ ನಿಂತು ಓದಿದರಂತೆ.

"ಚೀಟಿ ಹಿಡಕೊಂಡ ಬಂದಿದ್ರು ನೋಡ್ರಿ. ಎಡಕಿನ ಮೊದಲ ಮನಿಯಿಂದ ಸುರು ಮಾಡಿದ್ರು" ಎಂದ. "ಊರಿನ ದೊಡ್ಡ ಮಂದಿ ಎಲ್ಲಾ ನಿಂತು ನೋಡಿದ್ರು. ಹುಲಿಗೆವ್ವ ಬಸರಿ ಮಗಳನ್ನ ಬಂಡ್ಯಾಗ ಕುಂದ್ರಿಸಿಕೊಂಡು ಹೋದ್ಲು."

ಆ ಹೊತ್ತಿಗೆ ದುರ್ಗವ್ವನಿಗೆ ಒಂಬತ್ತು ಸೂಜಿ ಆಗಿದ್ದವು. ಐದು ತಿಂಗಳು ತುಂಬಿತ್ತು. ನಡುವೆ ಬಿಟ್ಟರೆ ಹಾಕಿದ್ದೆಲ್ಲ ವ್ಯರ್ಥವಾಗಬಹುದು ಎಂದು ನಾನೇ ಅವಳಿಗೆ ಹತ್ತು ಸಲ ಹೇಳಿದ್ದೆ. ಅಂದು ಸೂಜಿಯ ನೀರು ಚೆಲ್ಲಿ, ಪೆಟ್ಟಿಗೆ ಕಟ್ಟಿ, ಬಸ್ಸು ಹತ್ತಿದೆ. ಬಂಡಿ ಯಾವ ದಾರಿ ಹಿಡಿಯಿತು ಎಂದು ಬಳೆಗಾರನನ್ನು ಕೇಳಲಿಲ್ಲ.

ದೇವದುರ್ಗದ ಲೆಕ್ಕ ನೆಲಕ್ಕಿಳಿಯಿತು. ಹೆಂಗಸರು ಹೋದರು, ಅವರ ಗತಿ ನೋಡಿದ ಗಂಡಸರೂ ದವಾಖಾನೆಯ ಕಡೆ ಸುಳಿಯಲಿಲ್ಲ. ಕೆಂಪು ಗೆರೆ ಎಳೆಯಲು ಏನೂ ಉಳಿಯಲಿಲ್ಲ. ರೋಗ ಇಳಿಯಿತು ಎಂದು ಸಾಹೇಬರು ಮೇಲಕ್ಕೆ ಬರೆದರು. ಮೇಲಿನಿಂದ ಶಾಬಾಷಿ ಬಂತು. ನನಗೆ ಬಡ್ತಿ ಬಂತು. ಅವ್ವ ಸಕ್ಕರೆ ಹಂಚಿದಳು, ಹಿಂದಿನ ಬಾಗಿಲಿನ ಆ ಇಬ್ಬರ ಮನೆಗೂ ಕಳಿಸಿದಳು.

ರಾಯಚೂರಿನಲ್ಲಿ ಆಗ ಸುಳ್ಳು ಹೆಸರಿನ ಕಾಟ ಹೆಚ್ಚಾಗಿತ್ತು. ಒಂದೇ ದಿನ ಮೂವರು ಒಂದೇ ಹೆಸರು, ಒಂದೇ ತಂದೆಯ ಹೆಸರು ಬರೆಸಿದರು. ಲೆಕ್ಕ ಕೆಡುತ್ತದೆ ಎಂದು ಒಂದು ನಿಯಮ ಮಾಡಬೇಕಾಯಿತು. ಹೆಸರು, ಇರುವ ಠಿಕಾಣಿ, ಅದಕ್ಕೊಬ್ಬ ಸಾಕ್ಷಿ ಇಲ್ಲದೆ ಮುಂದಿನ ಬಾಗಿಲಿನವರಿಗೆ ಸೂಜಿಯಿಲ್ಲ. ಕರಡು ಬರೆದವನು ನಾನು. ಸಾಹೇಬರು ಸಹಿ ಹಾಕಿದರು. ನನ್ನ ಮೇಜಿನ ಹಿಂದೆ ಅದನ್ನು ಹಲಗೆಯ ಮೇಲೆ ಬರೆದು ತೂಗುಹಾಕಿದ್ದೆವು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಸಾಹೇಬರು ಮಾನ್ವಿಗೆ ಹೋಗಿದ್ದ ದಿನ, ಮೇಜಿನ ಮುಂದೆ ಇಬ್ಬರು ನಿಂತರು. ಸೀರೆಗೆಲ್ಲ ಹತ್ತಿಯ ಎಳೆ ಅಂಟಿತ್ತು. ಹುಲಿಗೆವ್ವ ಅರ್ಧ ಆಗಿದ್ದಳು. ದುರ್ಗವ್ವನ ಹೊಟ್ಟೆ ತುಂಬಿಕೊಂಡಿತ್ತು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಆಚಾರ್ರ, ಎಂಟು ವಾರ ತಪ್ಪ್ಯಾವ. ಈಗಿಂದ ಹಾಕಿದ್ರ ನಡೀತದೇನ್ರೀ?"

ಆಗಿನ ಮಟ್ಟಿಗೆ ನನಗೆ ತಿಳಿದದ್ದು ಹೇಳಿದೆ. "ಕೊನೀ ಎರಡು ತಿಂಗಳು ಹಾಕಿದ್ರೂ ಕೂಸಿಗೆ ಉಪಯೋಗ ಅದ."

"ಹಂಗಾದ್ರ ಹಾಕ್ರಿ."

ಪೆನ್ನು ಎತ್ತಿದೆ. "ಹೆಸರು ಬರಸ್ರಿ. ಎಲ್ಲಿ ಇರ್ತೀರಿ, ಯಾರು ಬಲ್ಲವರು, ಅದೂ ಬೇಕು."

"ಹೆಸರು ನಿಮ್ಮ ಕಡೆ ಅದ."

"ಅದು ದೇವದುರ್ಗದ ಬುಕ್ಕು. ಇಲ್ಲಿ ಹೊಸದಾಗಿ ಬರೀಬೇಕು."

ಹುಲಿಗೆವ್ವ ಸುತ್ತ ನೋಡಿ ಮೇಜಿನ ಮೇಲೆ ಬಗ್ಗಿದಳು. "ಹತ್ತಿ ಗಿರಣ್ಯಾಗ ಕೂಲಿ ಮಾಡಾಕತ್ತೀವ್ರೀ. ನಾವು ಯಾರಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಬರದ್ರ ಅಲ್ಲಿಂದನೂ ಎಬ್ಬಸ್ತಾರ. ಹೆಸರು ಬ್ಯಾಡ್ರಿ, ಯಪ್ಪಾ. ಸೂಜಿ ಅಷ್ಟ ಹಾಕ್ರಿ."

"ಹೆಸರಿಲ್ಲದ ಹಾಕಂಗಿಲ್ಲ. ನಿಯಮ ಅದ."

"ಯಾರು ಮಾಡಿದ್ರು ಆ ನಿಯಮ?"

"ಮ್ಯಾಲಿನವರು" ಎಂದೆ.

ದುರ್ಗವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನಗೇ ಹೇಳಿದಳು. "ಇದು ಒದೀತದ್ರೀ ಆಚಾರ್ರ. ಮೊದಲಿನ ಎರಡೂ ಇಷ್ಟೊತ್ತಿಗೆ ಒದಿಯೋದು ಬಿಟ್ಟಿದ್ವು."

ನನ್ನ ಕೈಯಲ್ಲಿ ಪೆನ್ನಿತ್ತು. ಉಷ್ಣ ಎಂದು ಬರೆದು ಒಳಗೆ ಕಳಿಸಬಹುದಾಗಿತ್ತು. ಬಾಯಿಗೆ ಬಂದ ಹೆಸರೊಂದನ್ನು ಗೀಚಿ, ಸಾಕ್ಷಿಯ ಜಾಗದಲ್ಲಿ ನನ್ನ ಹೆಸರೇ ಬರೆಯಬಹುದಾಗಿತ್ತು. ಖಾದರ್ ಸಾಹೇಬರನ್ನು ಕರೆದಿದ್ದರೆ ಅವರೇ ಏನಾದರೂ ದಾರಿ ಮಾಡುತ್ತಿದ್ದರು. ಊರಿನ ಎಷ್ಟೋ ಗಂಡಸರಿಗೆ ಮಾಡಿದ್ದ ಉಪಕಾರ ಅದು. ಇವರಿಗೂ ಅದನ್ನು ಮಾಡಬಹುದು ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ಮರ್ಯಾದೆ ಉಳಿಸಬೇಕಾದವರು ಬೇರೆ, ಇವರು ಬೇರೆ ಎಂದು ನನ್ನ ಕೈಗೆ ಅಷ್ಟು ಅಭ್ಯಾಸವಾಗಿಹೋಗಿತ್ತು. ನಾನು ಹಿಂದಿನ ಹಲಗೆಯ ಕಡೆ ಕೈ ತೋರಿಸಿದೆ. ಇಬ್ಬರಿಗೂ ಓದಲು ಬರುತ್ತಿರಲಿಲ್ಲ.

"ನಡಿ ಯವ್ವಾ" ಎಂದಳು ದುರ್ಗವ್ವ. ತಾಯಿ ಮಗಳ ರೆಟ್ಟೆ ಹಿಡಿದು ಮೆಟ್ಟಿಲಿಳಿಸಿದಳು.

ಖಾದರ್ ಸಾಹೇಬರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಯಾರು ಬಂದಿದ್ದರು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ರಜಿಸ್ಟರಿನಲ್ಲೂ ಯಾರೂ ಇರಲಿಲ್ಲ. ಆ ತಿಂಗಳ ಲೆಕ್ಕದ ಕೆಳಗೆ, ರೋಗ ಇನ್ನಷ್ಟು ಇಳಿದಿದೆ ಎಂದು ದುಂಡಗೆ ಬರೆದೆ.

ಆ ಕೂಸು ಉಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವುದು ಕಷ್ಟವಿರಲಿಲ್ಲ. ಹತ್ತಿ ಗಿರಣಿ ನಮ್ಮ ದವಾಖಾನೆಯಿಂದ ಅರ್ಧ ಮೈಲಿ. ನಿವೃತ್ತನಾಗುವವರೆಗೂ ದಿನಾ ಅದರ ಗೇಟಿನ ಮುಂದೆಯೇ ಸೈಕಲ್ಲಿನ ಮೇಲೆ ಮನೆಗೆ ಹೋದೆ. ಕೂಲಿ ಹೆಂಗಸರು ಗೇಟಿನ ಹೊರಗೆ ಗಿಡಕ್ಕೆ ಜೋಲಿ ಕಟ್ಟಿ ಕೂಸುಗಳನ್ನು ಮಲಗಿಸಿರುತ್ತಿದ್ದರು. ಆ ಜಾಗ ಬಂದಾಗ ನಾನು ಪೆಡಲು ಜೋರಾಗಿ ತುಳಿಯುತ್ತಿದ್ದೆ.